ಸಣ್ಣ ಬ್ರೋಕಿಂಗ್ ಕಂಪನಿಯ ಷೇರಿಗೆ ಬೆಲೆ ಕಟ್ಟುವುದು: ಯಾರ ಲೆಕ್ಕ ಸರಿ ಎಂದು ನೀವೇ ತಾಳೆ ನೋಡುವ ಬಗೆ

ಗ್ರಾಹಕರ ಪರವಾಗಿ ಷೇರು ಕೊಂಡು ಮಾರಿಕೊಡುವ ಸಣ್ಣ ಬ್ರೋಕಿಂಗ್ ಕಂಪನಿಯೊಂದರ ಷೇರಿನ ಬಗ್ಗೆ ಹೂಡಿಕೆದಾರರು ಮಾತಿಗಿಳಿದರೆ ಹೆಚ್ಚಾಗಿ ಎರಡು ಬಗೆಯ ಅಭಿಪ್ರಾಯ ಕೇಳಿಬರುತ್ತದೆ. "ಕಂಪನಿಯ ಹತ್ತಿರ ಇರುವ ನಗದೇ ಷೇರಿನ ಬೆಲೆಗಿಂತ ಜಾಸ್ತಿ, ವ್ಯವಹಾರ ಪುಕ್ಕಟೆ ಸಿಕ್ಕಂತೆ" ಎನ್ನುವವರು ಕೆಲವರು. "ಪೇಟೆ ಬಿದ್ದರೆ ಇದು ಇನ್ನೂ ಜೋರಾಗಿ ಬೀಳುತ್ತೆ, ಹತ್ತಿರ ಸುಳಿಯಬೇಡಿ" ಎನ್ನುವವರು ಇನ್ನು ಕೆಲವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೊದಲನೆಯವರು ನಗದು ಯಾರದ್ದು ಎಂದು ನೋಡಿರುವುದಿಲ್ಲ, ಎರಡನೆಯವರು ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿರುವುದಿಲ್ಲ. ಎರಡನ್ನೂ ಒಂದು ಸಂಜೆ ಕೂತು ಮಾಡಿ ಮುಗಿಸಬಹುದು. ಬೇಕಾಗುವುದು ಐದು ವರ್ಷದ ವಾರ್ಷಿಕ ವರದಿ, ಅದರ ಕೊನೆಯಲ್ಲಿರುವ ಟಿಪ್ಪಣಿಗಳ ಸಮೇತ. ಮುಖ್ಯ ಪುಟಗಳಲ್ಲಿರುವ ಅಂಕಿಗಳಷ್ಟರಿಂದ ಈ ವ್ಯವಹಾರ ಅರ್ಥವಾಗುವುದಿಲ್ಲ.

ಮೊದಲು ನಗದು

ಬ್ರೋಕರ್ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವ ಹಣದ ದೊಡ್ಡ ಪಾಲು ಗ್ರಾಹಕರದ್ದಾಗಿರುತ್ತದೆ. ಷೇರು ಮಾರಿದವರಿಗೆ ಇನ್ನೂ ಪಾವತಿಯಾಗದ ಮೊತ್ತ, ನಾಳೆ ಕೊಳ್ಳೋಣ ಎಂದು ಖಾತೆಯಲ್ಲಿಟ್ಟ ಹಣ, ಮಾರ್ಜಿನ್ನಿಗೆ, ಅಂದರೆ ವಹಿವಾಟಿನ ಭದ್ರತೆಗೆ, ಕಟ್ಟಿದ್ದು, ಎಲ್ಲವೂ ಅದರಲ್ಲಿ ಸೇರಿರುತ್ತದೆ. ಆಸ್ತಿಯ ಕಡೆ ಅದು ನಗದಾಗಿ ಕಾಣಿಸಿದರೆ, ಹೊಣೆಯ ಕಡೆ ಅಷ್ಟೇ ಮೊತ್ತ 'ಗ್ರಾಹಕರಿಗೆ ಕೊಡಬೇಕಾದದ್ದು' ಅಥವಾ 'ವ್ಯಾಪಾರ ಬಾಕಿ' ಎಂಬ ಹೆಸರಿನಲ್ಲಿ ಕೂತಿರುತ್ತದೆ. ಇದೂ ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಬ್ರಿಟನ್ನಿನಲ್ಲಿ ಗ್ರಾಹಕರ ಹಣ ಟ್ರಸ್ಟ್ ಸ್ವರೂಪದಲ್ಲಿರುವುದರಿಂದ ಸಾಮಾನ್ಯವಾಗಿ ಬ್ಯಾಲೆನ್ಸ್ ಶೀಟಿಗೇ ಬರುವುದಿಲ್ಲ. ಅಮೆರಿಕದ ಬ್ರೋಕರ್‌ಗಳು ನಿಯಮದ ಪ್ರಕಾರ ಪ್ರತ್ಯೇಕವಾಗಿಟ್ಟ ನಗದು ಎಂದು ಬೇರೆ ಸಾಲಿನಲ್ಲೇ ತೋರಿಸುತ್ತಾರೆ. ಹಾಗಾಗಿ ಎರಡು ದೇಶದ ಬ್ರೋಕರ್‌ಗಳ 'ನಗದು' ಹೋಲಿಸುವವರ ಮಾತನ್ನು ಅಲ್ಲಿಗೇ ಬಿಡಿ.

ಒಂದು ಕಲ್ಪಿತ ಕಂಪನಿ ತೆಗೆದುಕೊಳ್ಳೋಣ. ಒಟ್ಟು 1 ಕೋಟಿ ಷೇರು, ಒಂದರ ಬೆಲೆ 180 ರೂಪಾಯಿ. ಅಂದರೆ ಇಡೀ ಕಂಪನಿಗೆ ಪೇಟೆ ಕಟ್ಟಿರುವ ಬೆಲೆ 180 ಕೋಟಿ. ಬ್ಯಾಲೆನ್ಸ್ ಶೀಟಿನಲ್ಲಿ ನಗದು, ಬ್ಯಾಂಕ್ ಶಿಲ್ಕು, ಠೇವಣಿ ಸೇರಿ 310 ಕೋಟಿ. "ಷೇರಿಗೆ 310 ನಗದು, ಸಿಗುತ್ತಿರುವುದು 180ಕ್ಕೆ!" ಎಂಬ ಉತ್ಸಾಹ ಹುಟ್ಟುವುದು ಇಲ್ಲೇ. ಈಗ ಟಿಪ್ಪಣಿ ತೆರೆಯಿರಿ. ಗ್ರಾಹಕರಿಗೆ ಕೊಡಬೇಕಾದದ್ದು 205 ಕೋಟಿ. ಉಳಿದದ್ದು 105. ಠೇವಣಿಗಳ ಟಿಪ್ಪಣಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ಎಕ್ಸ್‌ಚೇಂಜ್ ಮತ್ತು ಕ್ಲಿಯರಿಂಗ್ ಸಂಸ್ಥೆಗೆ (ವಹಿವಾಟಿನ ಹಣ, ಷೇರು ಚುಕ್ತಾ ಮಾಡುವ ಸಂಸ್ಥೆ) ಒತ್ತೆಯಿಟ್ಟದ್ದು, ಬ್ಯಾಂಕ್ ಗ್ಯಾರಂಟಿಗೆ ಆಧಾರವಾಗಿ ಕೊಟ್ಟದ್ದು ಎಂದು 45 ಕೋಟಿ ಇರುತ್ತದೆ. ಉಳಿದದ್ದು 60. ಕೊಂಡ ಗ್ರಾಹಕ ದುಡ್ಡು ಕಟ್ಟದಿದ್ದರೂ ಬ್ರೋಕರ್ ಕ್ಲಿಯರಿಂಗ್ ಸಂಸ್ಥೆಗೆ ಹೊತ್ತಿಗೆ ಸರಿಯಾಗಿ ಹಣ ಕಟ್ಟಲೇಬೇಕು. ಅದಕ್ಕೊಂದು 20 ಕೋಟಿ ಕೈಯಲ್ಲಿರಬೇಕು. ಕೊನೆಗೆ ನಿಜವಾಗಿ ಮಿಗುವುದು 40 ಕೋಟಿ, ಅಂದರೆ ಷೇರಿಗೆ 40.

ಒತ್ತೆಯಿಟ್ಟ 45 ಕೋಟಿ ಕಂಪನಿಯದ್ದೇ ಅಲ್ಲವೇ ಎಂದು ಕೇಳಬಹುದು. ಹೌದು. ಆದರೆ ಅದು ಅಂಗಡಿಗೆ ಕೊಟ್ಟ ಮುಂಗಡದ ಹಾಗೆ. ಅಂಗಡಿ ಮುಚ್ಚಿದ ದಿನ ಮಾತ್ರ ವಾಪಸ್ ಬರುತ್ತದೆ. ನಡೆಯುತ್ತಿರುವ ವ್ಯವಹಾರಕ್ಕೆ ಲಾಭದ ಆಧಾರದಲ್ಲಿ ಬೆಲೆ ಕಟ್ಟಿ, ಮೇಲೆ ಈ ಠೇವಣಿಯನ್ನೂ ಸೇರಿಸಿದರೆ ಒಂದೇ ಹಣವನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಇನ್ನೊಂದು ಪರೀಕ್ಷೆ ತಪ್ಪದೆ ಮಾಡಿ. ವರ್ಷದಲ್ಲಿ ಬಂದ ಬಡ್ಡಿಯನ್ನು ವರ್ಷಾಂತ್ಯದ ನಗದಿನಿಂದ ಭಾಗಿಸಿ ನೋಡಿ. ಬ್ಯಾಂಕ್ ಠೇವಣಿಗೆ ಶೇ 6 ಸಿಗುವ ಕಾಲದಲ್ಲಿ ಈ ಲೆಕ್ಕ ಶೇ 2 ಬಂದರೆ, ಆ ಹಣ ವರ್ಷಪೂರ್ತಿ ಅಲ್ಲಿರಲಿಲ್ಲ, ಅಥವಾ ಬಹುಪಾಲು ಬಡ್ಡಿ ಬಾರದ ಚಾಲ್ತಿ ಖಾತೆಯಲ್ಲಿತ್ತು ಎಂದರ್ಥ. ವರ್ಷದ ಕೊನೆಯ ದಿನ ದೊಡ್ಡ ವಹಿವಾಟು ನಡೆದಿದ್ದರೂ ಶಿಲ್ಕು ಉಬ್ಬಿರುತ್ತದೆ. ಅರ್ಧವಾರ್ಷಿಕ ಬ್ಯಾಲೆನ್ಸ್ ಶೀಟ್ ಸಿಗುವುದಾದರೆ ಪಕ್ಕದಲ್ಲಿಟ್ಟು ಹೋಲಿಸಿ.

ಆಮೇಲೆ ಲಾಭ: ಯಾವ ವರ್ಷದ್ದು?

ಬ್ರೋಕಿಂಗ್‌ನಲ್ಲಿ ಖರ್ಚು ಬಹುತೇಕ ಕದಲುವುದಿಲ್ಲ. ಸಾಫ್ಟ್‌ವೇರ್, ಸಂಬಳ, ಬಾಡಿಗೆ, ನಿಯಮ ಪಾಲನೆಯ ವೆಚ್ಚ ವಹಿವಾಟು ಇದ್ದರೂ ಇಲ್ಲದಿದ್ದರೂ ಅಷ್ಟೇ. ಆದಾಯ 100, ಸ್ಥಿರ ಖರ್ಚು 60, ವಹಿವಾಟಿನ ಜೊತೆ ಏರಿಳಿಯುವ ಖರ್ಚು 20, ಲಾಭ 20 ಎಂದಿಟ್ಟುಕೊಳ್ಳಿ. ಪೇಟೆ ಮಂಕಾಗಿ ಆದಾಯ 70ಕ್ಕೆ ಇಳಿದರೆ ಏರಿಳಿಯುವ ಖರ್ಚು 14 ಆಗುತ್ತದೆ, ಸ್ಥಿರ ಖರ್ಚು 60ರಲ್ಲೇ ನಿಲ್ಲುತ್ತದೆ. ಫಲ: 4 ನಷ್ಟ. ಆದಾಯ ಶೇ 30 ಇಳಿದದ್ದಕ್ಕೆ ಲಾಭ ಪೂರ್ತಿ ಕೊಚ್ಚಿಹೋಯಿತು. ಏರುಪೇಟೆಯಲ್ಲಿ ಇದೇ ಲೆಕ್ಕ ಮೇಲ್ಮುಖವಾಗಿ ಕೆಲಸ ಮಾಡುತ್ತದೆ. ಹೀಗಾಗಿ ಪಿ.ಇ. ಅನುಪಾತ (ಷೇರಿನ ಬೆಲೆ ವರ್ಷದ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ) ಅತ್ಯಂತ ಕಡಿಮೆ ಕಾಣುವುದು ಲಾಭ ಶಿಖರದಲ್ಲಿರುವಾಗ, ಅಂದರೆ ಷೇರು ನಿಜವಾಗಿ ಅಗ್ಗವಲ್ಲದ ಹೊತ್ತಿನಲ್ಲಿ.

ನಮ್ಮ ಕಂಪನಿಯ ಐದು ವರ್ಷದ ನಿವ್ವಳ ಲಾಭ 6, 4, 18, 30, 12 ಕೋಟಿ. 30 ಕೋಟಿ ಬಂದ ವರ್ಷದ ಲೆಕ್ಕದಲ್ಲಿ 180ರ ಬೆಲೆಗೆ ಪಿ.ಇ. 6. ಐದು ವರ್ಷದ ಸರಾಸರಿ 14 ಕೋಟಿ ಹಿಡಿದರೆ ಸುಮಾರು 13. ಅಭಿಪ್ರಾಯಗಳು ಇಬ್ಭಾಗವಾಗುವುದು ಹೆಚ್ಚಾಗಿ ಇದರಿಂದಲೇ. ಸರಾಸರಿ ತೆಗೆಯುವ ಐದು ವರ್ಷಗಳಲ್ಲಿ ಒಂದಾದರೂ ಕೆಟ್ಟ ವರ್ಷ ಇರಲೇಬೇಕು. ಇಲ್ಲದಿದ್ದರೆ ಏಳೆಂಟು ವರ್ಷ ಹಿಂದಕ್ಕೆ ಹೋಗಿ.

ಸರಾಸರಿಯನ್ನೂ ಹಾಗೇ ಬಳಸಬೇಡಿ. ಎಷ್ಟೋ ಸಣ್ಣ ಬ್ರೋಕರ್‌ಗಳು ಸ್ವಂತ ದುಡ್ಡಲ್ಲಿ ಷೇರು ಕೊಂಡಿಟ್ಟಿರುತ್ತಾರೆ. ಅವುಗಳ ಬೆಲೆ ಏರಿದ್ದು ಕೂಡ ಲಾಭದ ಲೆಕ್ಕಕ್ಕೆ ಬಂದಿರಬಹುದು. ಅದು ವ್ಯವಹಾರದ ಗಳಿಕೆಯಲ್ಲ. ನಮ್ಮ ಉದಾಹರಣೆಯಲ್ಲಿ ಅಂಥದ್ದು ತೆರಿಗೆ ಕಳೆದು ವರ್ಷಕ್ಕೆ ಸರಾಸರಿ 4 ಕೋಟಿ. ಮಿಗುವ 40 ಕೋಟಿ ನಗದಿನ ಬಡ್ಡಿ ಶೇ 6ರಂತೆ 2.4 ಕೋಟಿ, ತೆರಿಗೆ ಶೇ 25 ಹೋದರೆ 1.8. ನಗದನ್ನು ಪ್ರತ್ಯೇಕವಾಗಿ ಸೇರಿಸಲಿರುವುದರಿಂದ ಅದರ ಬಡ್ಡಿಯನ್ನೂ ಲಾಭದಿಂದ ತೆಗೆಯಬೇಕು. 14ರಲ್ಲಿ 4 ಮತ್ತು 1.8 ಕಳೆದರೆ ವ್ಯವಹಾರದ ನಿಜವಾದ ಗಳಿಕೆ 8.2 ಕೋಟಿ. ಗ್ರಾಹಕರ ಹಣದ ಮೇಲೆ ನಿಯಮದ ಒಳಗೆ ಸಿಗುವ ಬಡ್ಡಿ ಮಾತ್ರ ವ್ಯವಹಾರದ ಆದಾಯವೇ, ಅದನ್ನು ಕಳೆಯಬೇಕಿಲ್ಲ. ಬಡ್ಡಿದರ ಇಳಿದರೆ ಅದೂ ಇಳಿಯುತ್ತದೆ ಎಂಬುದು ಗಮನದಲ್ಲಿರಲಿ.

ಆದಾಯದ ಬೇರು ಎಷ್ಟು ಗಟ್ಟಿ?

ಆದಾಯದ ಟಿಪ್ಪಣಿಯಲ್ಲಿ ಬ್ರೋಕರೇಜ್, ಮಾರ್ಜಿನ್ ಸಾಲದ (ಷೇರು ಕೊಳ್ಳಲು ಗ್ರಾಹಕರಿಗೆ ಕೊಟ್ಟ ಸಾಲ) ಬಡ್ಡಿ, ಡಿಮ್ಯಾಟ್ ಶುಲ್ಕ, ಮ್ಯೂಚುವಲ್ ಫಂಡ್ ಮತ್ತು ವಿಮೆ ಮಾರಿದ ಕಮಿಷನ್, ಸ್ವಂತ ಟ್ರೇಡಿಂಗ್ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ಪ್ರತಿಯೊಂದರ ಪಾಲು ಬರೆದುಕೊಂಡು, "ಒಂದು ಹೊಸ ನಿಯಮ ಅಥವಾ ಒಬ್ಬ ದೊಡ್ಡ ಪೈಪೋಟಿದಾರ ಇದನ್ನು ಸೊನ್ನೆ ಮಾಡಬಲ್ಲನೇ?" ಎಂದು ಕೇಳಿಕೊಳ್ಳಿ. ಇದು ಬರೀ ಊಹೆಯಲ್ಲ. 2019ರ ಅಕ್ಟೋಬರ್ 1ರಂದು ಬ್ರೋಕಿಂಗ್ ಕಂಪನಿ ಚಾರ್ಲ್ಸ್ ಶ್ವಾಬ್ ಅಮೆರಿಕದಲ್ಲಿ ಆನ್‌ಲೈನ್ ಷೇರು ವಹಿವಾಟಿನ ಕಮಿಷನ್ ಸೊನ್ನೆಗೆ ಇಳಿಸುವುದಾಗಿ ಘೋಷಿಸಿತು. ಅದೇ ದಿನ ಪೈಪೋಟಿಯ ಟಿಡಿ ಅಮೆರಿಟ್ರೇಡ್ ಷೇರು ಸುಮಾರು ಶೇ 26 ಕುಸಿಯಿತು, ಶ್ವಾಬ್ ಷೇರು ಶೇ 10ರ ಹತ್ತಿರ. ಕಮಿಷನ್ನಿನ ಮೇಲೆ ಹೆಚ್ಚು ನಿಂತಿದ್ದವರಿಗೆ ಹೆಚ್ಚು ಪೆಟ್ಟು. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಜುಲೈ 1ರ ಸುತ್ತೋಲೆಯಲ್ಲಿ, ಎಕ್ಸ್‌ಚೇಂಜ್ ಶುಲ್ಕ ಎಲ್ಲ ಬ್ರೋಕರ್‌ಗಳಿಗೂ ಒಂದೇ ಇರಬೇಕು, ಗ್ರಾಹಕರಿಂದ ಪಡೆದಷ್ಟೇ ಎಕ್ಸ್‌ಚೇಂಜಿಗೆ ಸಲ್ಲಬೇಕು ಎಂದಿತು. ಅಕ್ಟೋಬರ್ 1ರಿಂದ ಅದು ಜಾರಿಯಾಯಿತು. ವಹಿವಾಟು ಹೆಚ್ಚಿದ್ದಷ್ಟೂ ಕಡಿಮೆ ದರ ಕಟ್ಟಿ ವ್ಯತ್ಯಾಸ ಉಳಿಸಿಕೊಳ್ಳುತ್ತಿದ್ದ ಬ್ರೋಕರ್‌ಗಳಿಗೆ ಆ ಆದಾಯ ನಿಂತೇಹೋಯಿತು.

ಗ್ರಾಹಕರ ಸಂಖ್ಯೆಯ ವಿಷಯದಲ್ಲಿ ಒಂದೇ ಮಾತು: ಒಟ್ಟು ಖಾತೆ ಎಷ್ಟಿದ್ದರೇನು, ಕಳೆದ ಹನ್ನೆರಡು ತಿಂಗಳಲ್ಲಿ ಒಮ್ಮೆಯಾದರೂ ವಹಿವಾಟು ಮಾಡಿದವರು ಎಷ್ಟು ಎಂದು ನೋಡಿ. ಮೊದಲ ಹತ್ತು ಗ್ರಾಹಕರಿಂದಲೇ ಆದಾಯದ ದೊಡ್ಡ ಪಾಲು ಬರುತ್ತಿದ್ದರೆ ಬೆಲೆಯನ್ನು ಇನ್ನೂ ಬಿಗಿ ಹಿಡಿಯಿರಿ.

ಮಾರ್ಜಿನ್ ಸಾಲ ಕೊಡುವ ಕಂಪನಿಯಾದರೆ ಅರ್ಧ ಬ್ರೋಕರ್, ಅರ್ಧ ಲೇವಾದೇವಿಗಾರ ಎಂದು ತಿಳಿದು ನೋಡಬೇಕು. ಸಾಲ ಕೊಡಲು ಹಣ ಎಲ್ಲಿಂದ ತಂದಿದ್ದಾರೆ? ಮೂರು ತಿಂಗಳ ಅಲ್ಪಾವಧಿ ಸಾಲ ತಂದು ಕೊಟ್ಟಿದ್ದರೆ, ಪೇಟೆ ಬಿದ್ದಾಗ ಅಡವಿಟ್ಟ ಷೇರಿನ ಬೆಲೆ ಇಳಿಯುವುದೂ ಸಾಲ ನವೀಕರಣ ನಿಲ್ಲುವುದೂ ಒಟ್ಟಿಗೇ ಬರುತ್ತವೆ.

ಕೂಡಿಸಿ ನೋಡುವುದು

ವರ್ಷದ ಗಳಿಕೆಯ ಎಷ್ಟು ಪಟ್ಟು ಬೆಲೆ ಕೊಡಬಹುದು ಎಂಬ ಗುಣಕ 10 ಎಂದಿಟ್ಟುಕೊಂಡು, 8.2 ಕೋಟಿಯನ್ನು 10ರಿಂದ ಗುಣಿಸಿದರೆ ವ್ಯವಹಾರದ ಬೆಲೆ 82 ಕೋಟಿ. ಮಿಗುವ ನಗದು 40. ಸ್ವಂತಕ್ಕೆ ಇಟ್ಟುಕೊಂಡ ಷೇರುಗಳ ಪೇಟೆ ಬೆಲೆ 30 ಕೋಟಿ ಇದ್ದರೆ ಶೇ 30 ಕಡಿತ ಮಾಡಿ 21 ಹಿಡಿಯಿರಿ, ಏಕೆಂದರೆ ಮಾರಬೇಕಾಗಿ ಬರುವುದು ಹೆಚ್ಚಾಗಿ ಪೇಟೆ ಬಿದ್ದಾಗಲೇ. ಒಟ್ಟು 143 ಕೋಟಿ, ಷೇರಿಗೆ 143. ಗುಣಕ 8 ಆದರೆ ಸುಮಾರು 127, 12 ಆದರೆ 159. ಅಂದರೆ 180 ಈ ವ್ಯಾಪ್ತಿಯ ಹೊರಗಿದೆ. 310 ನಗದು ಎಂದು ಶುರುವಾದ ಮಾತು ಇಲ್ಲಿಗೆ ಬಂದು ನಿಂತಿತು. ಇದೇ ಕಂಪನಿ 100ಕ್ಕೆ ಸಿಕ್ಕರೆ ಮಾತೇ ಬೇರೆ. ಆಗ "ಹತ್ತಿರ ಸುಳಿಯಬೇಡಿ" ಎಂದವರ ಅಭಿಪ್ರಾಯ ಸೋಲುತ್ತದೆ.

ಗುಣಕ 10 ಎನ್ನುವುದು ಕಲ್ಲಲ್ಲಿ ಕೊರೆದದ್ದಲ್ಲ. ಪ್ರವರ್ತಕರು, ಅಂದರೆ ಕಂಪನಿಯ ಹಿಡಿತ ಇಟ್ಟುಕೊಂಡ ಮಾಲೀಕರು, ಡಿವಿಡೆಂಡ್ (ಲಾಭಾಂಶ) ಸರಿಯಾಗಿ ಕೊಡುವವರಾದರೆ, ಕಮಿಷನ್ ಅಲ್ಲದ ಆದಾಯ ಹೆಚ್ಚಿದ್ದರೆ ಮೇಲೆ ಹೋಗಬಹುದು. ಪ್ರವರ್ತಕರ ಬೇರೆ ಕಂಪನಿಗಳಿಗೆ ಸಾಲ ಹೋಗಿದ್ದರೆ, ಲಾಭ ಬಿದ್ದ ವರ್ಷವೂ ಅವರ ಸಂಭಾವನೆ ಏರಿದ್ದರೆ ಕೆಳಗೆ ಇಳಿಸಿ. ಐದು ವರ್ಷದ ಒಟ್ಟು ಲಾಭ 70 ಕೋಟಿಯಲ್ಲಿ ಷೇರುದಾರರ ಕೈಗೆ ಬಂದದ್ದು 5 ಕೋಟಿ ಮಾತ್ರವಾದರೆ, ಆ 40 ಕೋಟಿ 'ಮಿಗುವ ನಗದಿ'ಗೂ ಅರ್ಧ ಬೆಲೆಯಷ್ಟೇ ಕಟ್ಟುವುದು ನ್ಯಾಯ. ಹಂಚದ ಹಣ ನಿಮ್ಮದೂ ಹೌದು, ನಿಮ್ಮ ಕೈಗೆ ಸಿಗುವುದೂ ಇಲ್ಲ.

ಇಷ್ಟೆಲ್ಲ ಲೆಕ್ಕವನ್ನು ಒಂದೇ ಏಟಿಗೆ ಅಳಿಸಿಹಾಕುವ ಸಂಗತಿ ಗ್ರಾಹಕರ ಹಣಕ್ಕೆ ಕೈ ಹಾಕುವುದು. ಅಮೆರಿಕದ ಬ್ರೋಕಿಂಗ್ ಕಂಪನಿ ಎಂಎಫ್ ಗ್ಲೋಬಲ್ 2011ರ ಅಕ್ಟೋಬರ್ 31ರಂದು ದಿವಾಳಿ ಅರ್ಜಿ ಹಾಕಿದಾಗ ಗ್ರಾಹಕರ ಖಾತೆಗಳಲ್ಲಿ ಸುಮಾರು 160 ಕೋಟಿ ಡಾಲರ್ ಕೊರತೆ ಬಿದ್ದಿತ್ತು. ಅಂಥ ದಿನ ಷೇರಿನ ಪುಸ್ತಕ ಬೆಲೆಗೆ (ಲೆಕ್ಕಪತ್ರದಲ್ಲಿ ಆಸ್ತಿಯಿಂದ ಹೊಣೆ ಕಳೆದು ಉಳಿಯುವುದು) ಅರ್ಥವೇ ಉಳಿಯುವುದಿಲ್ಲ. ಹಾಗಾಗಿ ಲೆಕ್ಕ ಪರಿಶೋಧಕರ ವರದಿ, ಸಂಭಾವ್ಯ ಹೊಣೆಗಳ ಟಿಪ್ಪಣಿ, ನಿಯಂತ್ರಕರ ದಂಡದ ಆದೇಶಗಳನ್ನು ಓದಿ. ವರದಿ ತಡವಾಗಿ ಸಲ್ಲಿಸಿದ್ದಕ್ಕೆ ಬಿದ್ದ ದಂಡ ಒಂದು ಬಗೆ. ಗ್ರಾಹಕರ ಹಣ ಅಥವಾ ಷೇರು ಬೆರೆಸಿದ್ದಕ್ಕೆ, ಒತ್ತೆಯಿಟ್ಟದ್ದಕ್ಕೆ ಬಿದ್ದ ದಂಡ ಇನ್ನೊಂದು ಬಗೆ. ಎರಡನೆಯದು ಎಷ್ಟೇ ಚಿಕ್ಕ ಮೊತ್ತದ್ದಾಗಿರಲಿ, ಆ ಷೇರನ್ನು ಪಟ್ಟಿಯಿಂದ ತೆಗೆದುಬಿಡಿ. ನಡುವೆ ಲೆಕ್ಕ ಪರಿಶೋಧಕರು ರಾಜೀನಾಮೆ ಕೊಟ್ಟಿದ್ದರೂ ಅಷ್ಟೇ.

ಇನ್ನೊಬ್ಬರ ಅಭಿಪ್ರಾಯ ಓದುವಾಗ

ಯಾರೇ ಒಂದು ಬೆಲೆ ಹೇಳಲಿ, ಕೇಳಬೇಕಾದದ್ದು ಇಷ್ಟು: ಯಾವ ವರ್ಷದ ಲಾಭ ಹಿಡಿದಿದ್ದೀರಿ? ಗ್ರಾಹಕರ ಬಾಕಿ ಕಳೆದಿದ್ದೀರಾ? ನಗದು ಹೊರಬರುವುದು ಹೇಗೆ, ಡಿವಿಡೆಂಡ್ ಮೂಲಕವೋ, ಬೈಬ್ಯಾಕ್ (ಕಂಪನಿಯೇ ತನ್ನ ಷೇರು ಮರಳಿ ಕೊಳ್ಳುವುದು) ಮೂಲಕವೋ, ಕಂಪನಿ ಮಾರಾಟದಿಂದಲೋ? ನಿಮ್ಮ ಬಳಿ ಈ ಷೇರು ಇದೆಯೇ? ಉತ್ತರ ಕೊಟ್ಟವರ ಲೆಕ್ಕ ನಿಮ್ಮದಕ್ಕಿಂತ ಬೇರೆಯಾಗಿದ್ದರೂ ಪರವಾಗಿಲ್ಲ, ಎಲ್ಲಿ ಬೇರೆಯಾಯಿತು ಎಂದು ಬೆರಳಿಟ್ಟು ತೋರಿಸಬಹುದು. "ಇನ್ನೊಂದು ಬ್ರೋಕರ್ 25 ಪಿ.ಇ.ಗೆ ಹೋಗುತ್ತಿದೆ, ಇದೂ ಹೋಗಬೇಕು" ಎನ್ನುವವರಿಗೆ ಆದಾಯದ ಪಾಲುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ. ಅಭಿಪ್ರಾಯದ ದಿನಾಂಕವನ್ನೂ ನೋಡಿ. ಶಿಖರದ ತ್ರೈಮಾಸಿಕ ಫಲಿತಾಂಶ ಬಂದ ಮಾರನೇ ವಾರ ಬರೆದದ್ದು ಆರು ತಿಂಗಳಿಗೆ ಹಳಸಿರುತ್ತದೆ. ಎಕ್ಸ್‌ಚೇಂಜ್‌ಗಳು ಪ್ರಕಟಿಸುವ ತಿಂಗಳ ವಹಿವಾಟಿನ ಅಂಕಿ ನೋಡುತ್ತಿದ್ದರೆ ಮುಂದಿನ ಫಲಿತಾಂಶದ ದಿಕ್ಕು ಮೊದಲೇ ತಿಳಿಯುತ್ತದೆ.

ಕೊಳ್ಳುವ ತೀರ್ಮಾನವೇ ಆದರೆ ದಿನಕ್ಕೆ ಎಷ್ಟು ಷೇರು ಕೈ ಬದಲಾಗುತ್ತಿದೆ ಎಂದು ಮೂರು ತಿಂಗಳ ಸರಾಸರಿ ತೆಗೆಯಿರಿ. ದಿನಕ್ಕೆ 2,000 ಷೇರು ವಹಿವಾಟಾಗುವ ಕಡೆ ಅದರ ಐದನೇ ಒಂದು ಪಾಲಿಗಿಂತ, ಅಂದರೆ 400ಕ್ಕಿಂತ ಹೆಚ್ಚು ಕೊಂಡರೆ ಬೆಲೆಯನ್ನು ನೀವೇ ಏರಿಸಿದಂತೆ. ಆ ಲೆಕ್ಕದಲ್ಲಿ 20,000 ಷೇರು ಸೇರಿಸಲು 50 ವಹಿವಾಟಿನ ದಿನ ಬೇಕು. ಹೊರಬರಲೂ ಅಷ್ಟೇ ದಿನ, ಇಳಿಪೇಟೆಯಲ್ಲಿ ಇನ್ನೂ ಹೆಚ್ಚು. ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಹಾಕಲೇಬೇಡಿ, ನೀವು ಹೇಳಿದ ಬೆಲೆ ಮೀರದ ಲಿಮಿಟ್ ಆರ್ಡರ್ ಮಾತ್ರ ಹಾಕಿ.