ಆರ್‌ಎಸ್‌ಎ ಸಹಿ ತಾಳೆಯಾಗದಿದ್ದಾಗ ನಾನು ಮಾಡುವುದು

ಆರ್‌ಎಸ್‌ಎ ಸಹಿ ಎಂದರೆ ಕಳಿಸುವವರು ತಮ್ಮ ಗುಟ್ಟಿನ ಕೀಯಿಂದ ಹಾಕುವ ಡಿಜಿಟಲ್ ಸಹಿ; ಪಡೆದವರು ಅವರ ಪಬ್ಲಿಕ್ ಕೀಯಿಂದ ಅದನ್ನು ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಈ ಕೆಲಸ ಮಾಡುವ ಲೈಬ್ರರಿಗಳು (ಸಿದ್ಧ ಕೋಡ್) ಬರೀ 'ಇಲ್ಲ' ಎನ್ನುತ್ತವೆ. ಯಾಕೆ ಅಂತ ಹೇಳುವುದಿಲ್ಲ. ಆಗ ಹ್ಯಾಶ್ (ಡೇಟಾದಿಂದ ಲೆಕ್ಕ ಹಾಕುವ ಪುಟ್ಟ ಗುರುತು) ಬದಲಿಸಿ, ಪ್ಯಾಡಿಂಗ್ (ಹ್ಯಾಶ್ ಜೊತೆ ಸೇರಿಸುವ ತುಂಬು ಬೈಟ್‌ಗಳು) ಬದಲಿಸಿ ಸುಮ್ನೆ ಪ್ರಯತ್ನಿಸುತ್ತಾ ಕೂರುವವರೇ ಜಾಸ್ತಿ. ನಾನು ಸಹಿಯನ್ನೇ ಬಿಚ್ಚಿ ಒಳಗಿನ ಬೈಟ್‌ಗಳನ್ನು ನೋಡುತ್ತೇನೆ.

ಅದಕ್ಕೂ ಮೊದಲು ಉದ್ದ. 2048 ಬಿಟ್ ಕೀ ಆದರೆ ಸಹಿ 256 ಬೈಟ್ ಇರಲೇಬೇಕು. ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಬೇಸ್64ರಲ್ಲಿ 344 ಅಕ್ಷರ, ಕೊನೆಯಲ್ಲಿ ಎರಡು ಸಮ ಚಿಹ್ನೆ. ಹೈಫನ್, ಅಂಡರ್‌ಸ್ಕೋರ್ ಕಂಡರೆ ಅದು ಯುಆರ್‌ಎಲ್‌ಗಾಗಿ ಇರುವ ಬೇಸ್64. ನಡುವೆ ಖಾಲಿ ಜಾಗ ಕಂಡರೆ, ಬರುವ ದಾರಿಯಲ್ಲಿ ಪ್ಲಸ್ ಚಿಹ್ನೆ ಸ್ಪೇಸ್ ಆಗಿರುತ್ತದೆ.

ಆಮೇಲೆ ಓಪನ್‌ಎಸ್‌ಎಸ್‌ಎಲ್ ಎಂಬ ಕ್ರಿಪ್ಟೋ ಸಾಧನದಲ್ಲಿ 'ಪ್ಯಾಡಿಂಗ್ ತೆಗೆಯಬೇಡ' ಎಂದು ಹೇಳಿ, ಪಬ್ಲಿಕ್ ಕೀಯಿಂದ ಸಹಿ ಬಿಚ್ಚುತ್ತೇನೆ. ಪ್ಯಾಡಿಂಗ್‌ನಲ್ಲಿ ಎರಡು ಬಗೆ, ಪಿಕೆಸಿಎಸ್1 ವಿ1.5 ಮತ್ತು ಪಿಎಸ್‌ಎಸ್. ಮೊದಲನೆಯದಾದರೆ ನೋಡಿದ ತಕ್ಷಣ ಗೊತ್ತಾಗುತ್ತದೆ (ಬೈಟ್‌ಗಳನ್ನು ಹೆಕ್ಸ್‌ನಲ್ಲಿ, ಅಂದರೆ 16ರ ಆಧಾರದ ಸಂಖ್ಯೆಯಲ್ಲಿ ಬರೆದರೆ): 00, 01, ಸಾಲಾಗಿ 202 ಎಫ್‌ಎಫ್, ಒಂದು 00, ಎಸ್‌ಎಚ್‌ಎ-256 ಎಂದು ಹೇಳುವ 19 ಬೈಟ್, ಕೊನೆಗೆ 32 ಬೈಟ್ ಹ್ಯಾಶ್. ಪಿಎಸ್‌ಎಸ್ ಆದರೆ ಎಲ್ಲವೂ ಕಲಸಿದಂತೆ ಕಾಣುತ್ತದೆ, ಕೊನೆಯ ಬೈಟ್ ಮಾತ್ರ ಬಿ-ಸಿ. ಅಲ್ಲಿ ಸಾಲ್ಟ್, ಅಂದರೆ ಸಹಿಯಲ್ಲಿ ಬೆರೆಸುವ ಯಾದೃಚ್ಛಿಕ ಬೈಟ್‌ಗಳ ಉದ್ದ ಎಷ್ಟೆಂದು ಕೇಳಿಕೊಳ್ಳಿ. ಒಬ್ಬರು 32 ಬೈಟ್ ಹಾಕಿರುತ್ತಾರೆ, ಇನ್ನೊಬ್ಬರ ಲೈಬ್ರರಿ ಗರಿಷ್ಠ ಅಂದರೆ 222 ಹಾಕಿರುತ್ತದೆ. ಎರಡೂ ಆಕಾರ ಕಾಣದಿದ್ದರೆ ಕೀ ಬೇರೆಯದು, ಇಲ್ಲವೇ ಸಹಿಯೇ ಕೆಟ್ಟಿದೆ.

ಇದೆಲ್ಲ ದೋಷ ಹುಡುಕುವುದಕ್ಕೆ ಮಾತ್ರ. ತಾಳೆ ನೋಡುವ ಕೆಲಸವನ್ನು ಲೈಬ್ರರಿಗೇ ಬಿಡಿ. ಹ್ಯಾಶ್ ಆದಮೇಲೆ ಉಳಿದ ಬೈಟ್‌ಗಳನ್ನು ನೋಡದ ಕೋಡ್, ಎಕ್ಸ್‌ಪೊನೆಂಟ್ (ಪಬ್ಲಿಕ್ ಕೀಯ ಘಾತ ಸಂಖ್ಯೆ) 3 ಇರುವ ಕೀಗೆ ಸುಳ್ಳು ಸಹಿಯನ್ನೂ ಒಪ್ಪುತ್ತದೆ ಎಂದು ಕ್ರಿಪ್ಟೋಗ್ರಫಿ ತಜ್ಞ ಬ್ಲೈಕೆನ್‌ಬಾಕರ್ 2006ರಲ್ಲೇ ತೋರಿಸಿದ್ದರು.

ನನಗೆ ಬಂದ ಒಂದು ಕೇಸ್ ಹೀಗಿತ್ತು. ಇನ್ನೊಂದು ಕಡೆಯವರು ವಿಳಾಸ ಇರುವ ಜೇಸನ್‌ಗೆ (ಡೇಟಾ ಬರೆಯುವ ಒಂದು ಪಠ್ಯ ರೂಪ) ಸಹಿ ಹಾಕಿ ಕಳಿಸುತ್ತಿದ್ದರು. ವಿಳಾಸದ ಊರು ಧಾರವಾಡ, ಹಾಸನ, ಮಂಡ್ಯ ಆದರೆ ಪಾಸ್. ಬೀದರ್, ಮೈಸೂರು, ಕೋಲಾರ ಫೇಲ್. ಫೇಲ್ ಆದ ಸಹಿಯನ್ನು ಬಿಚ್ಚಿದೆ. ಪ್ಯಾಡಿಂಗ್ ಅಚ್ಚುಕಟ್ಟಾಗಿತ್ತು, ಕೀ ಸರಿ. ಕೊನೆಯ 32 ಬೈಟ್ ಮಾತ್ರ ನಾವು ಲೆಕ್ಕ ಹಾಕಿದ ಹ್ಯಾಶ್‌ಗೆ ಹೊಂದುತ್ತಿರಲಿಲ್ಲ. ಅಂದರೆ ಅವರು ಸಹಿ ಹಾಕಿದ ಬೈಟ್‌ಗಳೇ ಬೇರೆ, ನಮ್ಮ ಕೈಗೆ ಬಂದವೇ ಬೇರೆ.

ಊರುಗಳ ಹೆಸರು ಸಾಲಾಗಿ ಬರೆದುಕೊಂಡಾಗ ಕಾರಣ ಹೊಳೆಯಿತು. ಅಕ್ಷರಗಳಿಗೆ ಕೋಡ್ ಕೊಡುವ ಯುನಿಕೋಡ್‌ನಲ್ಲಿ ಕೀ, ಕೇ, ಕೈ, ಕೊ, ಕೋ ಇವುಗಳ ಸ್ವರಚಿಹ್ನೆಯನ್ನು ಎರಡು ರೀತಿ ಬರೆಯಬಹುದು, ಒಂದೇ ಕೋಡ್ ಆಗಿ ಅಥವಾ ಬಿಡಿ ತುಂಡುಗಳಾಗಿ. ಕೋಲಾರದ ಓತ್ವ ಒಂದೇ ಕೋಡ್ ಆದರೆ ಯುಟಿಎಫ್-8ರಲ್ಲಿ (ಆ ಕೋಡ್‌ಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) 3 ಬೈಟ್, ಬಿಡಿಸಿದರೆ 9. ಪರದೆಯ ಮೇಲೆ ಎರಡೂ ಒಂದೇ ಥರ! ಅವರು ಸಹಿ ಹಾಕಿದ್ದು ಬಿಡಿಸಿದ ರೂಪಕ್ಕೆ. ನಡುವಿನ ಗೇಟ್‌ವೇ (ಸಂದೇಶ ದಾಟಿ ಬರುವ ಸರ್ವರ್) ಅದನ್ನು ಎನ್‌ಎಫ್‌ಸಿಗೆ, ಅಂದರೆ ಯುನಿಕೋಡ್‌ನ ಜೋಡಿಸಿದ ರೂಪಕ್ಕೆ ತರುತ್ತಿತ್ತು. ಧಾರವಾಡದಲ್ಲಿ ಜೋಡಿಸಲು ಏನೂ ಇಲ್ಲ, ಹಾಗಾಗಿ ಪಾಸ್.

ಇನ್ನೊಂದು ಕಡೆಯವರಿಗೆ ಪಠ್ಯವನ್ನು ಕಾಪಿ ಮಾಡಿ ಕಳಿಸಲಿಲ್ಲ. ಕಾಪಿ ಮಾಡುವಾಗಲೂ ರೂಪ ಬದಲಾಗಬಹುದು ಅಲ್ವಾ? ಎರಡೂ ಕಡೆಯ ಬೈಟ್‌ಗಳನ್ನು ಹೆಕ್ಸ್‌ನಲ್ಲಿ ಪಕ್ಕಪಕ್ಕ ಇಟ್ಟೆವು, ವಾದ ಅಲ್ಲಿಗೇ ಮುಗಿಯಿತು. ಗೇಟ್‌ವೇ ಮುಟ್ಟುವ ಮೊದಲೇ, ಬಂದ ಬೈಟ್‌ಗಳ ಮೇಲೇ ತಾಳೆ ನೋಡುವಂತೆ ಬದಲಿಸಿದೆವು. ಜೇಸನ್ ಬಿಚ್ಚುವುದು ಅದಾದ ಮೇಲೆ. ಕೋಲಾರ, ಬೀದರ್, ಮೈಸೂರಿನ ಎರಡೆರಡು ರೂಪಗಳು ಈಗ ನಮ್ಮ ಟೆಸ್ಟ್‌ಗಳಲ್ಲಿ ಇವೆ.