ಊರು ಬಿಟ್ಟು ಬೆಂಗಳೂರಿಗೆ ಬಂದ, ಕಾಮಿಕ್ಸ್ ಬಿಡಿಸುವ ಹುಚ್ಚಿನವರಿಗೆ

ಶಿರಸಿಯಿಂದ ಇಲ್ಲಿಗೆ ಬಂದ ಮೊದಲ ಮೂರು ತಿಂಗಳು ನಾನು ಒಂದು ಪುಟವನ್ನೂ ಮುಗಿಸಲಿಲ್ಲ. ಪಿಜಿಯಲ್ಲಿ ಮೇಜಿಲ್ಲ. ಮಂಚದ ಮೇಲೆ ಇಂಕ್ ಚೆಲ್ಲಿ ಹಾಸಿಗೆಗೆ ದಂಡ ಬೇರೆ ಕಟ್ಟಿದೆ! ನಿಮ್ಮದೂ ಇದೇ ಪಾಡಾದರೆ ದೊಡ್ಡ ಕಥೆಯನ್ನು ಸದ್ಯಕ್ಕೆ ಬದಿಗಿಡಿ. ಸಣ್ಣ ಪುಸ್ತಕ, ದಿನಕ್ಕೆ ನಾಲ್ಕೇ ಚೌಕ. ಮೆಟ್ರೋದಲ್ಲಿ ಎದುರು ತೂಕಡಿಸುವವರನ್ನೇ ಬಿಡಿಸಿ, ಅವರು ಜಾಸ್ತಿ ಅಲುಗಾಡಲ್ಲ ಅಲ್ವಾ?

ಇನ್ನೊಂದು ನಾನು ತಡವಾಗಿ ಕಲಿತದ್ದು. ಬಲೂನು, ಅಂದರೆ ಪಾತ್ರದ ಮಾತು ಬರೆಯುವ ಗುಳ್ಳೆ, ಮೊದಲು ಬಿಡಿಸಿ ಆಮೇಲೆ ಮಾತು ತುರುಕಬೇಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ಅಜ್ಜಿಗೆ ಸಿಟ್ಟು ಬಂದಿದೆ’ ಅಂತ ಬರೆದು, ಅದರ ಕೆಳಗೇ ‘ಓಡೋ!’ ಅಂತ ಬರೆದು ನೋಡಿ. ‘ಟ್ಟು’ವಿನ ಒತ್ತು ‘ಓಡೋ’ ತಲೆಗೆ ಗುದ್ದುತ್ತದೆ. ಪೆನ್ಸಿಲಿನಲ್ಲಿ ಮಾತು ಮೊದಲು, ಸಾಲುಗಳ ನಡುವೆ ಧಾರಾಳ ಜಾಗ, ಕೊನೆಗೆ ಸುತ್ತ ಬಲೂನು.

ಟ್ರಿನಿಟಿ ಮೆಟ್ರೋ ನಿಲ್ದಾಣದ ಹತ್ತಿರ ಇಂಡಿಯನ್ ಕಾರ್ಟೂನ್ ಗ್ಯಾಲರಿ ಇದೆ, 2007ರಲ್ಲಿ ಶುರುವಾದದ್ದು. ಒಬ್ಬರೇ ಹೋಗಿ ನಿಧಾನಕ್ಕೆ ನೋಡಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೂ ಬನ್ನಿ. ನಾನು ಅಲ್ಲಿ ಏನೂ ಮಾರಲಿಲ್ಲ, ಸುಮ್ನೆ ಸುತ್ತಿದೆ. ಈಗ ಭಾನುವಾರ ಜೊತೆಗೆ ಕೂತು ಬಿಡಿಸುವ ಇಬ್ಬರು ಗೆಳೆಯರು ಸಿಕ್ಕಿದ್ದು ಅಲ್ಲೇ.