ಮಾತು ತಲುಪದ ಜಾಗವನ್ನೂ ನಕ್ಷೆಯಲ್ಲಿ ತೋರಿಸಬೇಕು

ಸೇನೆಯಲ್ಲಿ ಸಿಗ್ನಲ್ಸ್ ಅಧಿಕಾರಿ ಎಂದರೆ ರೇಡಿಯೊ ಸೆಟ್ಟುಗಳ ಉಸ್ತುವಾರಿ ಎಂದೇ ಹಲವರು ತಿಳಿದಿರುತ್ತಾರೆ. ಸೆಟ್ಟಿನ ರಿಪೇರಿಯನ್ನು ನನಗಿಂತ ಚೆನ್ನಾಗಿ ಬಲ್ಲ ಟೆಕ್ನಿಷಿಯನ್‌ಗಳು ಜೊತೆಗಿದ್ದರು. ನನ್ನ ಕೆಲಸ ಶುರುವಾಗುತ್ತಿದ್ದುದು ಕಮಾಂಡರ್ ನಕ್ಷೆ ಹಾಸಿಕೊಂಡು ಕೂತಾಗ. ಯಾವ ತುಕಡಿ ಯಾವ ಹೊತ್ತಿಗೆ ಎಲ್ಲಿರುತ್ತದೆ, ಆಗ ಯಾರು ಯಾರ ಜೊತೆ ಮಾತಾಡಲೇಬೇಕು ಎಂಬುದನ್ನು ಅಲ್ಲೇ ಕೂತು ಕೇಳಿಸಿಕೊಳ್ಳದೆ ನೆಟ್, ಅಂದರೆ ಒಬ್ಬರಿಗೊಬ್ಬರು ಮಾತಾಡುವ ರೇಡಿಯೊಗಳ ಜಾಲ, ಕಟ್ಟಲಾಗದು.

ಒಂದು ಸಮರಾಭ್ಯಾಸದಲ್ಲಿ ನಮ್ಮ ಒಂದು ಕಂಪನಿ ಉದ್ದನೆಯ ಗುಡ್ಡಸಾಲು ದಾಟಿ ಆಚೆ ಇಳಿಯಬೇಕಿತ್ತು. ಅವರ ಸೆಟ್ಟುಗಳು 30ರಿಂದ 88 ಮೆಗಾಹರ್ಟ್ಸ್‌ನ ವಿಎಚ್‌ಎಫ್ (ಅತಿ ಹೆಚ್ಚು ಫ್ರೀಕ್ವೆನ್ಸಿಯ ರೇಡಿಯೊ ಅಲೆ) ಬಳಸುವಂಥವು. ಆ ಅಲೆಗಳು ಹೆಚ್ಚುಕಡಿಮೆ ನೇರ ಹೋಗುತ್ತವೆ; ಗುಡ್ಡ ಅಡ್ಡ ಬಂತೋ, ಅಲ್ಲಿಗೆ ಮುಗಿಯಿತು. ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಆ ಭಾಗ ಗುರುತು ಮಾಡಿ, "ಸರ್, ಇಲ್ಲಿಂದ ಇಲ್ಲೀವರೆಗೆ ಅವರು ನಿಮಗೆ ಸಿಗೋದಿಲ್ಲ" ಅಂದೆ.

"ರಿಲೇ ಇಡೋಕಾಗಲ್ವಾ?" ಎಂದರು ಕಮಾಂಡರ್. ನಡುವೆ ನಿಂತು ಈ ಕಡೆಯ ಮಾತನ್ನು ಆ ಕಡೆಗೆ ದಾಟಿಸುವ ಸೆಟ್ಟು ಅದು.

"ಇಡಬಹುದು ಸರ್. ಆದರೆ ಗುಡ್ಡದ ನೆತ್ತಿ ಮೇಲೇ ಇಡಬೇಕು. ಕಾವಲಿಗೆ ಜನ ಬೇಕು, ಎದುರಾಳಿ ಕಣ್ಣಿಗೂ ಬೀಳುತ್ತೆ."

ಅವರು ಸ್ವಲ್ಪ ಯೋಚಿಸಿ ಕಂಪನಿ ಕಮಾಂಡರ್ ಕಡೆ ತಿರುಗಿದರು. ಆ ಭಾಗದಲ್ಲಿ ಎದುರಾಳಿ ಕಂಡರೆ ತಮ್ಮನ್ನು ಕೇಳದೆಯೇ ಏನು ಮಾಡಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂದು ಆಗಲೇ ಹೇಳಿಬಿಟ್ಟರು. ಸಿಗ್ನಲ್ಸ್ ಅಧಿಕಾರಿಯ ಅತಿ ದೊಡ್ಡ ಕೆಲಸ ಇದು ಎಂದೇ ನಾನು ನಂಬಿದ್ದೇನೆ: ಮಾತು ಎಲ್ಲಿ ತಲುಪದು ಎಂಬುದನ್ನು ಮುಂಚೆಯೇ, ಮುಲಾಜಿಲ್ಲದೆ ತಿಳಿಸುವುದು. ಅದು ಗೊತ್ತಿದ್ದರೆ ಮಾತ್ರ ಕಮಾಂಡರ್ ಯಾವ ನಿರ್ಧಾರವನ್ನು ಯಾರ ಕೈಗೆ ಕೊಡಬೇಕೆಂದು ಯೋಚಿಸಬಲ್ಲರು.

ಹಾಗೆಂದು ಕೈಕಟ್ಟಿ ಕೂರಲಿಲ್ಲ, ಬದಲಿ ದಾರಿಯಾಗಿ ಎಚ್‌ಎಫ್, ಅಂದರೆ ವಿಎಚ್‌ಎಫ್‌ಗಿಂತ ಕಡಿಮೆ ಫ್ರೀಕ್ವೆನ್ಸಿಯ ರೇಡಿಯೊ, ಕೊಟ್ಟೆ. ತಂತಿಯ ಡೈಪೋಲ್ (ನಡುವಿನಿಂದ ಎರಡೂ ಕಡೆಗೆ ಚಾಚುವ) ಆಂಟೆನಾವನ್ನು ನೆಲದಿಂದ ಕೆಲವೇ ಮೀಟರ್ ಮೇಲೆ ಅಡ್ಡಲಾಗಿ ಎಳೆದು ಕಟ್ಟಿದರೆ ಅಲೆಗಳು ನೆತ್ತಿಯ ಕಡೆಗೆ ಹೋಗಿ, ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಮರಳಿ ಸುತ್ತಲೂ ಮಳೆಯಂತೆ ಇಳಿಯುತ್ತವೆ. ಗುಡ್ಡ ಆಗ ಲೆಕ್ಕಕ್ಕಿಲ್ಲ. 5 ಮೆಗಾಹರ್ಟ್ಸ್‌ಗೆ ತಂತಿಯ ಉದ್ದ ಸುಮಾರು 28 ಮೀಟರ್. ಹಗಲಿನ ಫ್ರೀಕ್ವೆನ್ಸಿ ರಾತ್ರಿಗೆ ಸಾಮಾನ್ಯವಾಗಿ ನಡೆಯದು, ಇಳಿಸಬೇಕು. ಎರಡನ್ನೂ, ಬದಲಾಯಿಸುವ ಸಮಯವನ್ನೂ, ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾದು ಯಾವ ದಾರಿಗೆ ಹೋಗಬೇಕು ಎಂಬುದನ್ನೂ ಚೀಟಿಯಲ್ಲಿ ಬರೆದು ಎರಡೂ ಕಡೆಯ ಆಪರೇಟರ್‌ಗಳಿಗೆ ಕೊಟ್ಟೆ. ಇಬ್ಬರೂ ಒಟ್ಟಿಗೆ ಬದಲಾಗದಿದ್ದರೆ ಬದಲಿ ದಾರಿ ಇದ್ದೂ ಇಲ್ಲದಂತೆ.

ಇನ್ನೊಂದು ಮಾತು. ಪ್ರಸಾರ ಮಾಡಿದಷ್ಟೂ ಎದುರಾಳಿ ನಮ್ಮ ದಿಕ್ಕು ಹಿಡಿಯಬಲ್ಲ. ಆದ್ದರಿಂದ ಆಂಟೆನಾಗಳು ಕಮಾಂಡ್ ಪೋಸ್ಟ್‌ನಿಂದ ದೂರವೇ ಇರಬೇಕು, ಕೇಬಲ್ ಎಳೆಯುವುದು ಎಷ್ಟೇ ಕಷ್ಟವಾದರೂ ಸರಿ.

ಗೂಢಲಿಪಿಯ ಕೀ, ಅಂದರೆ ಮಾತನ್ನು ಗುಟ್ಟಾಗಿಡಲು ಎಲ್ಲ ಸೆಟ್ಟುಗಳಿಗೂ ಹಾಕುವ ಒಂದೇ ಸಂಕೇತ, ಬದಲಿಸುವ ಹೊತ್ತು ದಾಳಿಯ ಹೊತ್ತಿಗೆ ಬಿದ್ದರೆ ಅನುಮತಿ ಪಡೆದು ದಾಳಿಗೆ ಮುಂಚೆಯೇ ಬದಲಿಸಿಬಿಡುತ್ತಿದ್ದೆ. ಹೊಸ ಕೀ ಹಾಕಿ, ಪ್ರತಿ ಸ್ಟೇಷನ್ ಉತ್ತರಿಸಿದ ಮೇಲೆಯೇ ಕಮಾಂಡರ್‌ಗೆ "ನೆಟ್ ರೆಡಿ ಸರ್" ಎನ್ನುತ್ತಿದ್ದೆ. ಒಂದು ಬಾಕಿಯಿದ್ದರೆ ಅದು ಯಾವುದೆಂದೂ ಹೇಳುತ್ತಿದ್ದೆ.